ಕೆಲಸದ ಚಕ್ರ ಮತ್ತು ಸೋಮವಾರದ ಲೆಕ್ಕ



ನಮ್ಮ ಏಳನೇ ತರಗತಿಯ ಬಾಗಿಲ ಪಕ್ಕದಲ್ಲಿ ಒಂದು ದುಂಡನೆಯ ರಟ್ಟು ನೇತಾಡುತ್ತಿರುವುದನ್ನು ನೀವೆಲ್ಲ ನೋಡಿರುತ್ತೀರಿ. ಎರಡನೇ ತರಗತಿಯ ಮಕ್ಕಳು ಅದನ್ನು ಗಡಿಯಾರ ಅಂತ ತಿಳ್ಕೊಂಡಿದ್ದಾರೆ. ಒಬ್ಬ ಹುಡುಗ ಬಂದು "ಅಣ್ಣಾ, ಇದರಲ್ಲಿ ಊಟದ ಟೈಮು ಎಲ್ಲಿದೆ?" ಅಂತ ಕೇಳಿದ. ಅದು ಗಡಿಯಾರ ಅಲ್ಲ, ಕೆಲಸದ ಚಕ್ರ. ಇವತ್ತು ಯಾವ ಗುಂಪು ಯಾವ ಕೆಲಸ ಮಾಡಬೇಕು ಅಂತ ಅದು ಹೇಳುತ್ತದೆ. ಅದನ್ನು ಮಾಡುವುದು ಹೇಗೆ, ಮಾಡುವಾಗ ನಾವು ಮಾಡಿದ ತಪ್ಪು ಏನು ಎಂಬುದನ್ನು ಈ ಸಂಚಿಕೆಯಲ್ಲಿ ಬರೆಯುತ್ತೇನೆ. ಬೇರೆ ತರಗತಿಯವರೂ ಮಾಡಿಕೊಳ್ಳಬಹುದು. ಖರ್ಚು ಹೆಚ್ಚಿಲ್ಲ.

ಮೊದಲು ಹೇಗಿತ್ತು?

ಮೊದಲು ಚಕ್ರ ಇರಲಿಲ್ಲ. ತರಗತಿ ನಾಯಕ ನಾನೇ. ದಿನಾ ಬೆಳಿಗ್ಗೆ ಕಪ್ಪುಹಲಗೆಯ ಮೂಲೆಯಲ್ಲಿ ಕೆಲಸದ ಪಟ್ಟಿ ಬರೆಯುವುದು ನನ್ನ ಕೆಲಸ. ಗುಡಿಸೋದು ಇವರು, ನೀರು ಇವರು, ಗಂಟೆ ಇವರು ಅಂತ. ನಾನು ನ್ಯಾಯವಾಗಿಯೇ ಬರೀತಿದ್ದೀನಿ ಅಂತ ನನಗೆ ಅನ್ನಿಸಿತ್ತು.

ಒಂದು ದಿನ ಮೇಷ್ಟ್ರು ಒಂದು ವಾರದ ಪಟ್ಟಿಯನ್ನು ಅಳಿಸದೆ ಒಂದು ಹಾಳೆಯಲ್ಲಿ ಬರೆದಿಡೋಕೆ ಹೇಳಿದರು. ಬರೆದೆ. ಶನಿವಾರ ಅದನ್ನು ಎಲ್ಲರ ಮುಂದೆ ಓದಿಸಿದರು. ಆರು ದಿನವೂ ಗುಡಿಸೋದು ಹುಡುಗಿಯರು. ಆರು ದಿನವೂ ಗಂಟೆ ಹೊಡೆಯೋದು ಹುಡುಗರು. ಅದರಲ್ಲೂ ನಾಲ್ಕು ದಿನ ನನ್ನ ಬೆಂಚಿನವರೇ. ಓದುವಾಗ ನನ್ನ ದನಿ ಸಣ್ಣ ಆಯ್ತು.

ಇನ್ನೊಂದು ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕುಡಿಯೋ ನೀರಿನ ಮುಂದೆ ಒಬ್ಬ ಹುಡುಗನ ಹೆಸರನ್ನು ನಾನು ಒಂದು ದಿನವೂ ಬರೆದಿರಲಿಲ್ಲ. ಬರೀಬೇಡ ಅಂತ ನನಗೆ ಯಾರೂ ಹೇಳಿರಲಿಲ್ಲ. ನನ್ನ ಕೈಯೇ ಬರೆದಿರಲಿಲ್ಲ. ಯಾಕೆ ಅಂತ ಊರಲ್ಲಿ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದಿಸುವವನೂ ನಾನೇ. ಅದರಲ್ಲಿ 'ಸಮಾನತೆ' ಅನ್ನುವ ಮಾತು ಬರುತ್ತದೆ.

ಮೇಷ್ಟ್ರು ಬೈಯಲಿಲ್ಲ. "ಪಟ್ಟಿ ಬರೆಯೋ ಕೈ ಒಂದೇ ಆದ್ರೆ ಹಿಂಗೇ ಆಗೋದು. ಕೈ ಇಲ್ಲದ ಪಟ್ಟಿ ಮಾಡಿ" ಅಂದರು. ಹಾಗೆ ಚಕ್ರದ ಯೋಚನೆ ಬಂತು. ಜಪಾನಿನ ಶಾಲೆಗಳಲ್ಲಿ ಮಕ್ಕಳೇ ದಿನಾ ತರಗತಿ ಗುಡಿಸಿ ಒರೆಸುತ್ತಾರಂತೆ. ಸರದಿಯ ಕೆಲಸಕ್ಕೆ ಅಲ್ಲಿ 'ತೋಬಾನ್' ಎನ್ನುತ್ತಾರೆ. ಯಾರ ಸರದಿ ಎಂದು ತಿಳಿಯಲು ತಿರುಗಿಸುವ ದುಂಡು ಚಾರ್ಟು ಕೂಡ ಮಾಡುತ್ತಾರೆ. 1910ರಲ್ಲಿ ಗಾಂಧೀಜಿಯವರು ದಕ್ಷಿಣ ಆಫ್ರಿಕಾದಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಎಂಬ ಆಶ್ರಮ ಮಾಡಿದ್ದರು. ಅಲ್ಲಿ ಆಳುಗಳೇ ಇರಲಿಲ್ಲ. ಅಡುಗೆಯಿಂದ ಹಿಡಿದು ಕಸ ಬಳಿಯುವವರೆಗೆ ಎಲ್ಲವನ್ನೂ ಅಲ್ಲಿದ್ದವರೇ ಮಾಡುತ್ತಿದ್ದರು. ಇವೆರಡನ್ನೂ ಮೇಷ್ಟ್ರು ಹೇಳಿದರು.

ಬೇಕಾಗುವ ಸಾಮಗ್ರಿಗಳು

1. ಅಂಗಡಿಯ ಬಿಸ್ಕತ್ತಿನ ಡಬ್ಬದ ದಪ್ಪ ರಟ್ಟು
2. ದಾರ, ಮೊಳೆ, ಪೆನ್ಸಿಲ್ಲು
3. ಹಳೆಯ ಲಗ್ನಪತ್ರಿಕೆಗಳು, 20 ಇದ್ದರೆ ಸಾಕು
4. ಹೊಸ ಅಂಗಿ ಬರುವ ಪ್ಲಾಸ್ಟಿಕ್ ಕವರು 2
5. ದಬ್ಬಳ ಮತ್ತು ಗೋಣಿದಾರ
6. ಸೈಕಲ್ ಅಂಗಡಿಯ ಹಳೇ ಬೋಲ್ಟು 1, ನಟ್ಟು 2, ವಾಷರ್ 2

ನಾವು ದುಡ್ಡು ಕೊಟ್ಟು ತಂದದ್ದು ಗೋಣಿದಾರ ಮಾತ್ರ.

ಮಾಡುವ ವಿಧಾನ

ದೊಡ್ಡ ವೃತ್ತದ ತ್ರಿಜ್ಯ 21 ಸೆಂಟಿಮೀಟರ್, ಸಣ್ಣ ವೃತ್ತದ ತ್ರಿಜ್ಯ 14 ಸೆಂಟಿಮೀಟರ್. ಜಾಮಿಟ್ರಿ ಪೆಟ್ಟಿಗೆಯ ಕೈವಾರ ಇಷ್ಟು ಅಗಲಕ್ಕೆ ಬರೋದಿಲ್ಲ. ಅದಕ್ಕೆ ನಡುವೆ ಮೊಳೆ ಹೊಡೆದು, ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ಪೆನ್ಸಿಲ್ಲು ಕಟ್ಟಿ ಎಳೆಯಬೇಕು. ದಾರ ಬಿಗಿಯಾಗಿರಬೇಕು. ಸಡಿಲ ಬಿಟ್ಟರೆ ವೃತ್ತ ಹೋಗಿ ಆಲೂಗಡ್ಡೆ ಆಗುತ್ತದೆ. ನಮ್ಮದು ಮೊದಲ ಸಲ ಆಲೂಗಡ್ಡೆಯೇ ಆಗಿತ್ತು.

ಈಗ ವೃತ್ತವನ್ನು ಆರು ಸಮಭಾಗ ಮಾಡಬೇಕು. ಕೋನಮಾಪಕ ಬೇಡ. ತ್ರಿಜ್ಯದಷ್ಟೇ ಉದ್ದದ ದಾರವನ್ನು ಪರಿಧಿಯ ಮೇಲೆ ಒಂದು ಕಡೆ ಹಿಡಿದು, ನೇರವಾಗಿ ಎಳೆದು ಗುರುತು ಹಾಕಿ. ಆ ಗುರುತಿನಿಂದ ಮತ್ತೆ ಹಾಗೆಯೇ. ಸರಿಯಾಗಿ ಆರನೇ ಸಲಕ್ಕೆ ಹೊರಟ ಜಾಗಕ್ಕೇ ಬಂದು ಸೇರುತ್ತೀರಿ. ಕೇಂದ್ರಕ್ಕೆ ಗೆರೆ ಎಳೆದರೆ ಆರು ಸಮಬಾಹು ತ್ರಿಭುಜಗಳು ಆಗುತ್ತವೆ, ಒಂದೊಂದು ಕೋನವೂ 60 ಡಿಗ್ರಿ. ಆರು ಸಲ 60 ಅಂದರೆ 360, ಅದಕ್ಕೇ ಸರಿಹೋಗುತ್ತದೆ. ದೊಡ್ಡ ವೃತ್ತದ ಪರಿಧಿ 22/7 ಲೆಕ್ಕದಲ್ಲಿ 132 ಸೆಂಟಿಮೀಟರ್. ಒಂದೊಂದು ಮನೆಯ ಅಂಚು 22 ಸೆಂಟಿಮೀಟರ್ ಬಂತು. ಇದನ್ನು ಟೈಲರ್ ಟೇಪಿನಲ್ಲಿ ಅಳೆದು ನೋಡಿದೆವು, ಹೆಚ್ಚುಕಮ್ಮಿ ಸರಿಯಾಗಿತ್ತು.

ರಟ್ಟು ಒಂದೇ ಪದರ ಇದ್ದರೆ ಮಳೆಗಾಲದಲ್ಲಿ ಹಪ್ಪಳದ ಹಾಗೆ ಮಡಚಿಕೊಳ್ಳುತ್ತದೆ. ಎರಡು ಪದರ ಬೇಕು. ರಟ್ಟಿನ ಒಳಗಿನ ಗೆರೆಗಳು ಒಂದು ಪದರದಲ್ಲಿ ಉದ್ದಕ್ಕೆ, ಇನ್ನೊಂದರಲ್ಲಿ ಅಡ್ಡಕ್ಕೆ ಇರಬೇಕು. ಆಗ ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮೊದಲ ಚಕ್ರಕ್ಕೆ ಮೈದಾ ಅಂಟು ಹಾಕಿದ್ದೆವು. ಹತ್ತೇ ದಿನಕ್ಕೆ ಜಿರಲೆ ತಿಂದು ಪದರ ಬಿಟ್ಟುಕೊಂಡಿತು. ಆಮೇಲೆ ದಬ್ಬಳದಲ್ಲಿ ಗೋಣಿದಾರ ಪೋಣಿಸಿ ಸುತ್ತ ಹೊಲಿದೆವು. ಈಗ ಗಟ್ಟಿಯಾಗಿದೆ.

ಸಣ್ಣ ವೃತ್ತವನ್ನು ದೊಡ್ಡದರ ಮೇಲಿಟ್ಟು ನಡುವೆ ತೂತು ಮಾಡಿ ಬೋಲ್ಟು ತೂರಿಸಿ. ಎರಡು ಕಡೆಯೂ ವಾಷರ್ ಹಾಕಬೇಕು, ಇಲ್ಲದಿದ್ದರೆ ರಟ್ಟು ಸವೆದು ತೂತು ದೊಡ್ಡದಾಗುತ್ತದೆ. ಒಂದು ನಟ್ಟಿನ ಮೇಲೆ ಇನ್ನೊಂದು ನಟ್ಟು ಬಿಗಿ ಮಾಡಿದರೆ ತಿರುಗಿಸುವಾಗ ಕಳಚುವುದಿಲ್ಲ. ಗೋಡೆಗೆ ದೊಡ್ಡ ವೃತ್ತವನ್ನು ಮಾತ್ರ ಕಟ್ಟಬೇಕು. ಸಣ್ಣದು ತಿರುಗಬೇಕು.

ಮತ್ತೆ ಮತ್ತೆ ಬಳಸುವ ಗುಟ್ಟು

ಚಕ್ರದ ಮೇಲೆ ಏನನ್ನೂ ನೇರವಾಗಿ ಬರೆಯಬಾರದು. ಬರೆದರೆ ಮುಂದಿನ ವರ್ಷ ಬಿಸಾಕಬೇಕಾಗುತ್ತದೆ. ಪ್ಲಾಸ್ಟಿಕ್ ಕವರನ್ನು ತುಂಡು ಮಾಡಿ ಒಂದೊಂದು ಮನೆಗೂ ಒಂದೊಂದು ಜೇಬು ಹೊಲಿಯಿರಿ. ಮೇಲ್ಗಡೆ ಮಾತ್ರ ಬಿಡಿ. ಲಗ್ನಪತ್ರಿಕೆಯ ಹಿಂದಿನ ಖಾಲಿ ಭಾಗವನ್ನು ಕತ್ತರಿಸಿ ಚೀಟಿ ಮಾಡಿ, ಅದರಲ್ಲಿ ಬರೆದು ಜೇಬಿಗೆ ಹಾಕಿ. ಗಿಡ ಒಣಗಿ ಹೋದರೆ ಗಿಡದ ಚೀಟಿ ತೆಗೆದು ಬೇರೆ ಕೆಲಸದ ಚೀಟಿ ಹಾಕಬಹುದು. ನಾವು ಏಳನೇ ತರಗತಿ ಮುಗಿಸಿ ಹೈಸ್ಕೂಲಿಗೆ ಹೋದ ಮೇಲೂ ಚಕ್ರ ಇಲ್ಲೇ ಇರುತ್ತದೆ, ಚೀಟಿ ಮಾತ್ರ ಬದಲಾಗುತ್ತದೆ. ಓದಲು ಬಾರದ ಪುಟ್ಟ ಮಕ್ಕಳ ತರಗತಿಗೆ ಮಾಡುವುದಾದರೆ ಪೊರಕೆ, ಬಿಂದಿಗೆ, ಗಂಟೆಯ ಚಿತ್ರ ಬರೆಯಿರಿ.

ಹೊರಗಿನ ವೃತ್ತದಲ್ಲಿ ಕೆಲಸಗಳು, ಗಡಿಯಾರ ತಿರುಗುವ ಕಡೆಗೆ ಹೀಗಿವೆ:

1. ಗುಡಿಸುವುದು
2. ಕುಡಿಯುವ ನೀರು ತುಂಬುವುದು
3. ಕಪ್ಪುಹಲಗೆ ಒರೆಸಿ, ದಿನಾಂಕ ಮತ್ತು ಹಾಜರಿ ಬರೆಯುವುದು
4. ಕೈತೋಟದ ಗಿಡಗಳಿಗೆ ನೀರು
5. ಬಿಸಿಯೂಟದ ಸಾಲು ಮತ್ತು ಕೈ ತೊಳೆಯೋ ಸೋಪು
6. ಗಂಟೆ ಮತ್ತು ಪುಸ್ತಕದ ಪೆಟ್ಟಿಗೆ

ಬಿಸಿ ಸಾಂಬಾರಿನ ಪಾತ್ರೆ ಎತ್ತುವುದು, ಶೌಚಾಲಯ ತೊಳೆಯುವುದು ಇದರಲ್ಲಿ ಇಲ್ಲ. ಅವು ಮಕ್ಕಳ ಕೆಲಸ ಅಲ್ಲ ಅಂತ ಮೇಷ್ಟ್ರು ಮೊದಲೇ ಹೇಳಿದ್ದರು.

ಒಳಗಿನ ವೃತ್ತದಲ್ಲಿ ಗುಂಪುಗಳು. ನಮ್ಮ ನಾಡಿನ ನದಿಗಳ ಹೆಸರಿಟ್ಟೆವು: ಹೇಮಾವತಿ, ಕಾವೇರಿ, ಕೃಷ್ಣಾ, ಶರಾವತಿ, ಭದ್ರಾ, ತುಂಗಾ. ನಾನು ತುಂಗಾ ಗುಂಪು. ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಸೇರುತ್ತವೆ, ಅದಕ್ಕೆ ಅವೆರಡನ್ನು ಪಕ್ಕಪಕ್ಕ ಇಟ್ಟೆವು.

ಗುಂಪು ಮಾಡಿದ್ದು ಹೇಗೆ?

ನಾವು 24 ಮಕ್ಕಳು. 11 ಹುಡುಗರು, 13 ಹುಡುಗಿಯರು. ಹಾಜರಿ ಪುಸ್ತಕದಲ್ಲಿ ಮೊದಲು ಹುಡುಗರು, ಆಮೇಲೆ ಹುಡುಗಿಯರು. ಮೊದಲ ನಾಲ್ವರು ಒಂದು ಗುಂಪು, ಮುಂದಿನ ನಾಲ್ವರು ಇನ್ನೊಂದು ಅಂತ ಮಾಡಿದ್ದರೆ ಹುಡುಗರ ಗುಂಪೇ ಬೇರೆ, ಹುಡುಗಿಯರ ಗುಂಪೇ ಬೇರೆ ಆಗುತ್ತಿತ್ತು. ಅದಕ್ಕೆ ಹಾಜರಿ ಕೂಗಿದ ಹಾಗೆ 1, 2, 3, 4, 5, 6 ಅಂತ ಎಣಿಸಿ, ಮತ್ತೆ 1ರಿಂದ ಶುರು ಮಾಡಿದೆವು. 1 ಅಂದವರೆಲ್ಲ ಒಂದು ಗುಂಪು, 2 ಅಂದವರೆಲ್ಲ ಒಂದು ಗುಂಪು. ಐದು ಗುಂಪಿನಲ್ಲಿ ಇಬ್ಬರು ಹುಡುಗರು ಇಬ್ಬರು ಹುಡುಗಿಯರು, ಒಂದರಲ್ಲಿ ಒಬ್ಬ ಹುಡುಗ ಮೂವರು ಹುಡುಗಿಯರು ಬಂದರು. ಯಾರೂ ತಮಗೆ ಬೇಕಾದವರನ್ನು ಆರಿಸಿಕೊಳ್ಳಲಿಲ್ಲ.

ವಾರಕ್ಕೊಂದು ಸಲ ತಿರುಗಿಸೋಣ ಅಂತ ಕೆಲವರು ಅಂದರು. ಆಗ ಒಂದೇ ಗುಂಪು ವಾರವೆಲ್ಲ ಗುಡಿಸಬೇಕು, ಬೇಡ ಅಂತ ಹೆಚ್ಚು ಜನ ಹೇಳಿದರು. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಒಳಗಿನ ವೃತ್ತವನ್ನು ಒಂದು ಮನೆ ಮುಂದೆ ತಿರುಗಿಸೋದು ಅಂತ ತೀರ್ಮಾನ ಆಯ್ತು. ಆರು ಗುಂಪು, ಆರು ಕೆಲಸ, ಶಾಲೆ ಆರು ದಿನ. ಎಷ್ಟು ಚೆನ್ನಾಗಿ ಹೊಂದಿಕೆಯಾಯ್ತು ಅಂತ ನಾವೆಲ್ಲ ಚಪ್ಪಾಳೆ ತಟ್ಟಿದೆವು.

ತಪ್ಪು ಇದ್ದದ್ದು ಅಲ್ಲೇ.

ಸೋಮವಾರದ ಕಸ

ಭಾನುವಾರ ಶಾಲೆ ಬಾಗಿಲು ಹಾಕಿರುತ್ತದೆ, ಆದರೆ ವರಾಂಡಕ್ಕೆ ಬಾಗಿಲಿಲ್ಲ. ಊರ ಆಡುಗಳು ಮಳೆ ಬಂದರೆ ಅಲ್ಲೇ ಮಲಗುತ್ತವೆ. ಸೋಮವಾರ ಬೆಳಿಗ್ಗೆ ಹಿಕ್ಕೆ, ಎಲೆ, ಕಡಲೆಕಾಯಿ ಸಿಪ್ಪೆ ಎಲ್ಲ ಸೇರಿ ಎರಡು ಮಂಕರಿ ಕಸ. ಬೇರೆ ದಿನ ಅರ್ಧ ಮಂಕರಿಯೂ ಆಗಲ್ಲ.

ಶುರು ಮಾಡಿದ ಸೋಮವಾರ ಗುಡಿಸುವ ಮನೆಯಲ್ಲಿ ಹೇಮಾವತಿ ಗುಂಪು ಇತ್ತು. ನನ್ನ ತುಂಗಾ ಗುಂಪು ಗಂಟೆಯ ಮನೆಯಲ್ಲಿತ್ತು. ಮಂಗಳವಾರ ನಮ್ಮದು ಗುಡಿಸುವ ಸರದಿ. ಹಿಂದಿನ ದಿನವೇ ಪೂರ್ತಿ ಗುಡಿಸಿದ್ದರಿಂದ ನಮಗೆ ಐದು ನಿಮಿಷದ ಕೆಲಸ. ಮುಂದಿನ ಸೋಮವಾರ ಮತ್ತೆ ಹೇಮಾವತಿ ಗುಂಪೇ ಗುಡಿಸಿತು. ಅದರ ಮುಂದಿನದೂ ಅವರೇ. ಆ ನಾಲ್ಕು ವಾರ ನಡುವೆ ರಜೆ ಬಂದಿರಲಿಲ್ಲ. ನಾಲ್ಕು ಸೋಮವಾರವೂ ಅವರೇ.

ಹೇಮಾವತಿ ಗುಂಪಿನ ಒಬ್ಬ ಹುಡುಗಿ ನಾಲ್ಕನೇ ಸೋಮವಾರ ಮಂಕರಿ ಇಳಿಸಿ ಬಂದು "ಸಾರ್, ಚಕ್ರ ನಮಗೆ ಮೋಸ ಮಾಡ್ತಾ ಇದೆ" ಅಂದಳು. ಎಲ್ಲರೂ ನಕ್ಕರು. ರಟ್ಟು ಹೇಗೆ ಮೋಸ ಮಾಡುತ್ತೆ? ಅವಳು ನೋಟ್‌ಬುಕ್ಕಿನ ಹಿಂದಿನ ಪುಟ ತೆಗೆದು ತೋರಿಸಿದಳು. ನಾಲ್ಕು ವಾರದ ಕೋಷ್ಟಕ ಹಾಕಿದ್ದಳು. ನಾಲ್ಕು ಸಾಲೂ ಒಂದೇ ತರ ಇತ್ತು. ವಾರಕ್ಕೆ ಆರು ಸಲ ತಿರುಗಿಸುತ್ತೇವೆ, ಮನೆಗಳು ಆರು, 6 ÷ 6 ಮಾಡಿದರೆ ಶೇಷ 0. ಅಂದರೆ ಪ್ರತಿ ಸೋಮವಾರ ಚಕ್ರ ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. "ವರ್ಷವೆಲ್ಲ ತಿರುಗಿಸಿದ್ರೂ ಸೋಮವಾರ ನಾವೇ ಸಾರ್" ಅಂದಳು. ಆಮೇಲೆ ಯಾರೂ ನಗಲಿಲ್ಲ.

ಮಿತ್ರರೇ, ಇಲ್ಲಿ ಒಂದು ವಿಷಯ ಬರೆಯಬೇಕು. ಸೋಮವಾರ ನಮಗೆ ಗಂಟೆಯೇ ಬರುತ್ತೆ ಅಂತ ನನಗೆ ಎರಡನೇ ವಾರವೇ ಗೊತ್ತಾಗಿತ್ತು. ಯಾಕೆ ಹಂಗಾಗುತ್ತೆ ಅಂತ ಗೊತ್ತಿರಲಿಲ್ಲ, ಆದರೆ ಬರುತ್ತೆ ಅಂತ ಗೊತ್ತಿತ್ತು. ನಮಗೆ ಅನುಕೂಲ ಇದ್ದಿದ್ದರಿಂದ ಸುಮ್ಮನೆ ಇದ್ದೆ. ಅವಳು ಹೇಳುವಾಗ ಬೇರೆಯವರ ಜೊತೆ ನಾನೂ ನಕ್ಕೆ. ಇದನ್ನು ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ.

ಸರಿ ಮಾಡಿದ್ದು

ಎಲ್ಲರೂ ಉಪಾಯ ಹೇಳಿದರು. ಗುಂಪು ಒಡೆದು ಹೊಸದಾಗಿ ಮಾಡೋಣ ಅಂತ ಒಬ್ಬರು, ಸೋಮವಾರ ಎಲ್ಲರೂ ಗುಡಿಸೋಣ ಅಂತ ಒಬ್ಬರು. ಕೊನೆಗೆ ಅವಳದೇ ಉಪಾಯ ಎಲ್ಲಕ್ಕಿಂತ ಸುಲಭ ಆಯ್ತು. ಭಾನುವಾರವನ್ನೂ ಲೆಕ್ಕಕ್ಕೆ ಸೇರಿಸಿ, ಅಷ್ಟೇ. ಅಂದರೆ ಸೋಮವಾರ ಬೆಳಿಗ್ಗೆ ಮಾತ್ರ ಎರಡು ಮನೆ ತಿರುಗಿಸಬೇಕು, ಭಾನುವಾರದ್ದು ಒಂದು, ಸೋಮವಾರದ್ದು ಒಂದು. ಆಗ ವಾರಕ್ಕೆ 7 ಸಲ ಆಯ್ತು. 7 ÷ 6, ಶೇಷ 1. ಪ್ರತಿ ಸೋಮವಾರ ಚಕ್ರ ಒಂದು ಮನೆ ಮುಂದೆ ಇರುತ್ತದೆ. ಆರು ವಾರದಲ್ಲಿ ಆರು ಗುಂಪಿಗೂ ಒಂದೊಂದು ಸೋಮವಾರದ ಕಸ. ವಾರದೊಳಗೆ ಪ್ರತಿ ಗುಂಪಿಗೆ ಆರು ಕೆಲಸವೂ ಒಂದೊಂದು ಸಲ ಬರುತ್ತದೆ, ಅದು ತಪ್ಪುವುದಿಲ್ಲ. 42 ದಿನಕ್ಕೆ ಎಲ್ಲರಿಗೂ ಎಲ್ಲ ವಾರದಲ್ಲೂ ಎಲ್ಲ ಕೆಲಸ ಸಮವಾಗಿ ಮುಗಿಯುತ್ತದೆ. ನಾನು ಮನೆಯಲ್ಲಿ ಪೂರ್ತಿ ಕೋಷ್ಟಕ ಹಾಕಿ ನೋಡಿದೆ, ಸರಿಯಿದೆ.

ಹೊಸ ಲೆಕ್ಕದ ಮೊದಲ ಸೋಮವಾರ ಗುಡಿಸುವ ಮನೆಗೆ ಯಾರು ಬಂದರು ಗೊತ್ತೇ? ಗಂಟೆಯ ಮನೆಯಿಂದ ಒಂದು ಮನೆ ಮುಂದೆ ಅಂದರೆ ಗುಡಿಸುವ ಮನೆಯೇ. ನಮ್ಮ ತುಂಗಾ ಗುಂಪು. ಎರಡು ಮಂಕರಿ ಕಸ ಹೊತ್ತೆ. ಸೊಂಟ ನೋವು ಬಂತು. ಹೇಮಾವತಿಯವರಿಗೆ ಅವತ್ತು ಕುಡಿಯೋ ನೀರಿನ ಕೆಲಸ. ಅವರ ಸೋಮವಾರದ ಗುಡಿಸುವ ಸರದಿ ಆರನೇ ವಾರಕ್ಕೆ.

ಇನ್ನೆರಡು ನಿಯಮ

ರಜೆ ಬಂದರೂ ಚಕ್ರ ನಿಲ್ಲಬಾರದು. ಕ್ಯಾಲೆಂಡರಿನ ಒಂದು ದಿನಕ್ಕೆ ಒಂದು ಮನೆ. ಶಾಲೆ ಶುರುವಾದ ದಿನ ರಜೆಯದ್ದೂ ಸೇರಿಸಿ ತಿರುಗಿಸಬೇಕು. ಇದರಿಂದ ಒಂದು ಲಾಭ ಇದೆ. ಯಾರಾದರೂ ಚಕ್ರವನ್ನು ಕದ್ದು ತಿರುಗಿಸಿದರೆ ಹಿಡಿಯಬಹುದು. ಶುರುವಾದ ದಿನವನ್ನು 0 ಅಂತ ಇಟ್ಟುಕೊಂಡು, ಇವತ್ತಿಗೆ ಎಷ್ಟು ದಿನ ಆಯ್ತು ಎಣಿಸಿ 6ರಿಂದ ಭಾಗಿಸಿ. 45 ದಿನ ಆಗಿದ್ದರೆ ಶೇಷ 3. ತುಂಗಾ ಗುಂಪು ಗುಡಿಸುವ ಮನೆಯಿಂದ ಮೂರು ಮನೆ ಮುಂದೆ, ಅಂದರೆ ಗಿಡದ ಮನೆಯಲ್ಲಿ ಇರಬೇಕು. ಇಲ್ಲದಿದ್ದರೆ ಯಾರೋ ಕೈ ಹಾಕಿದ್ದಾರೆ ಅಂತಲೇ ಅರ್ಥ.

ಎರಡನೆಯದು, ಯಾರಾದರೂ ಹುಷಾರಿಲ್ಲದೆ ಬರದಿದ್ದರೆ ಉಳಿದ ಮೂವರು ಮಾಡಬೇಕು. ಬಂದ ಮೇಲೆ ಅದನ್ನು ಸಾಲದ ಹಾಗೆ ತೀರಿಸು ಅನ್ನಬಾರದು.

ಬೇರೆ ತರಗತಿಯವರಿಗೆ

ನಿಮ್ಮಲ್ಲಿ ಮಕ್ಕಳು ಕಡಿಮೆ ಇದ್ದರೆ ಗುಂಪು ಕಡಿಮೆ ಮಾಡಿ. ಆದರೆ ಲೆಕ್ಕ ಹಾಕಿ ನೋಡಿ. ನಾಲ್ಕು ಗುಂಪು ಮಾಡಿ ವಾರಕ್ಕೆ ಆರು ಸಲ ತಿರುಗಿಸಿದರೆ 6 ÷ 4, ಶೇಷ 2. ಶೇಷ ಇದೆಯಲ್ಲ, ಸರಿ ಹೋಯ್ತು ಅಂತ ತಿಳಿಯಬೇಡಿ. ಎರಡೆರಡು ಮನೆ ಹಾರಿ ಎರಡೇ ಗುಂಪಿಗೆ ಸೋಮವಾರ ಬರುತ್ತಿರುತ್ತದೆ, ಉಳಿದ ಎರಡು ಗುಂಪಿಗೆ ಯಾವತ್ತೂ ಬರಲ್ಲ. ಶೇಷಕ್ಕೂ ಗುಂಪಿನ ಸಂಖ್ಯೆಗೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಬಾರದು. ಭಾನುವಾರ ಸೇರಿಸಿ 7 ಸಲ ತಿರುಗಿಸಿದರೆ 2, 3, 4, 5, 6 ಎಷ್ಟು ಗುಂಪಿದ್ದರೂ ಸರಿಹೋಗುತ್ತದೆ. ಯಾಕೆಂದರೆ 7 ಅವಿಭಾಜ್ಯ ಸಂಖ್ಯೆ.

ಕೊನೆಯದಾಗಿ

ಚಕ್ರ ಬಂದ ಮೊದಲ ವಾರ, ನಾನು ಮೊದಲು ಹೇಳಿದ ಆ ಹುಡುಗನ ಗುಂಪಿಗೆ ನೀರಿನ ಸರದಿ ಬಂತು. ಅವನು ಬಿಂದಿಗೆ ಹಿಡ್ಕೊಂಡು ನಿಂತು ನನ್ನ ಮುಖ ನೋಡಿದ. ನಾನು ಏನೂ ಹೇಳದೆ ಚಕ್ರದ ಕಡೆ ಕೈ ತೋರಿಸಿದೆ. ಅವನು ನಲ್ಲಿಗೆ ಹೋಗಿ ತುಂಬಿಕೊಂಡು ಬಂದು ಡ್ರಮ್ಮಿಗೆ ಸುರಿದ. ಆಟದ ಬಿಡುವಿನಲ್ಲಿ ನಾಲ್ಕೈದು ಜನ ಲೋಟ ಹಿಡಿದು ಒಬ್ಬರ ಮುಖ ಒಬ್ಬರು ನೋಡ್ತಾ ನಿಂತಿದ್ದರು. ಮೇಷ್ಟ್ರು ಬಂದು ಒಂದು ಲೋಟ ಕುಡಿದು ಹೋದರು. ಆಮೇಲೆ ನಾನು ಕುಡಿದೆ. ಆಮೇಲೆ ಸಾಲು ಬಂತು. ಈಗ ಯಾರು ತಂದ ನೀರು ಅಂತ ಯಾರೂ ಕೇಳುವುದಿಲ್ಲ, ಚಕ್ರ ನೋಡಿದರೆ ಗೊತ್ತಾಗುತ್ತದೆ.

ಚಕ್ರಕ್ಕೆ ಕೈ ಇಲ್ಲ, ಅದಕ್ಕೆ ಬೇಕಾದವರು ಬೇಡಾದವರು ಇಲ್ಲ. ಆದರೆ ಅದಕ್ಕೆ ಲೆಕ್ಕವೂ ಬರಲ್ಲ. ಅದು ತಿರುಗುತ್ತಾ ಇದೆ ಅಂತ ನಾವು ಸುಮ್ಮನಿದ್ದರೆ ನಾಲ್ಕು ವಾರ ಒಬ್ಬರೇ ಹಿಕ್ಕೆ ಬಳಿಯುತ್ತಿರುತ್ತಾರೆ. ಕಷ್ಟದ ಕೆಲಸ ಯಾರಿಗೆ ಬೀಳುತ್ತಿದೆ ಅಂತ ಎಣಿಸಿ ನೋಡಬೇಕು. ಎಣಿಸುವ ಕೆಲಸ ಅದು ಬೀಳದೆ ಇರುವವರದ್ದೂ ಹೌದು.

ನಿಮಗೊಂದು ಪ್ರಶ್ನೆ: ಒಂದು ತರಗತಿಯಲ್ಲಿ 7 ಗುಂಪು, 7 ಕೆಲಸ ಇವೆ. ಅವರು ಭಾನುವಾರ ಸೇರಿಸಿ ವಾರಕ್ಕೆ 7 ಸಲ ತಿರುಗಿಸಬೇಕೋ, ಭಾನುವಾರ ಬಿಟ್ಟು 6 ಸಲ ತಿರುಗಿಸಬೇಕೋ? ಯಾಕೆ? ಉತ್ತರವನ್ನು ಚೀಟಿಯಲ್ಲಿ ಬರೆದು ಚಕ್ರದ ಕೆಳಗಿನ ಡಬ್ಬಕ್ಕೆ ಹಾಕಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ.

ಇಂತಿ ನಿಮ್ಮವ,
ಏಳನೇ ತರಗತಿ, ತುಂಗಾ ಗುಂಪು
(ಕೋಷ್ಟಕದ ಲೆಕ್ಕ: ಹೇಮಾವತಿ ಗುಂಪು)